ಅಲೋಯ್ಸ್ ಕೇಳಿದ ಒಂದು ವಾರ

ಶವಪೆಟ್ಟಿಗೆಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಕೈ ಒರೆಸಿಕೊಳ್ಳುತ್ತಿದ್ದ ಹೆಡ್ವಿಗ್, ನೆರೆಯ ರೈನ್‌ಹೋಲ್ಡ್ ಪಡುವಣದ ಮೋಡವನ್ನು ನೋಡುತ್ತಿರುವುದನ್ನು ಕಂಡಳು. ಪ್ರಾರ್ಥನೆಯ ನಡುವೆ ಪಾದ್ರಿಗಳೂ ಒಮ್ಮೆ ಅತ್ತ ಕಣ್ಣು ಹಾಯಿಸಿದರು. ಯಾರನ್ನು ದೂರುವುದು? ಅಕ್ಟೋಬರ್ ಬಂತೆಂದರೆ ದ್ರಾಕ್ಷಿ ಬೆಳೆಯುವ ಆಹ್ರ್ ಕಣಿವೆಯಲ್ಲಿ ಎಲ್ಲರ ಜೀವವೂ ಆಕಾಶದಲ್ಲಿರುತ್ತದೆ. ಊರಿನವರೆಲ್ಲ ದ್ರಾಕ್ಷಿ ಕೊಯ್ದು ಮುಗಿಸಿದ್ದರು. ಇನ್ನೂ ಕಪ್ಪು ಗೊಂಚಲು ತೂಗುತ್ತಿದ್ದುದು ಅವಳ ಗಂಡ ಅಲೋಯ್ಸನ ಇಳಿಜಾರಿನಲ್ಲಿ ಮಾತ್ರ. ಸೋಮವಾರ ಸಂಜೆ "ಇನ್ನೊಂದು ವಾರ ಬೇಕು" ಎಂದು ಹೇಳಿ ಮಲಗಿದವನು ಮಂಗಳವಾರ ಏಳಲಿಲ್ಲ. ಇಂದು ಗುರುವಾರ.

ಮಣ್ಣು ಮಾಡಿ ಬಂದವರಿಗೆ ಕಾಫಿ, ಬೆಣ್ಣೆಯ ಕೇಕು ಕೊಡುವಾಗ ರೈನ್‌ಹೋಲ್ಡ್ ಮಾತು ತೆಗೆದ.

"ಈಗ್ಲೇ ಹೋಗೋಣ, ಹೆಡ್ವಿಗ್. ಇಪ್ಪತ್ತು ಜನ ಇದೀವಿ. ಕತ್ತಲಾಗೋದ್ರೊಳಗೆ ಕೊಯ್ದು ಹಾಕ್ತೀವಿ."

"ಈ ಕರಿ ಕೋಟು ಹಾಕ್ಕೊಂಡಾ?" ಎಂದಳು ಅಲೋಯ್ಸನ ತಂಗಿ ಲೀಸೆಲ್.

"ನಿಮ್ಮಣ್ಣ ಮದುವೆಗೇ ತೋಟದ ಬೂಟು ಹಾಕ್ಕೊಂಡು ಬಂದಿದ್ನಲ್ಲ! ಅವನೇನು ಬೈತಾನಾ?"

ಅಳುತ್ತಿದ್ದವರೂ ನಕ್ಕರು. ರೈನ್‌ಹೋಲ್ಡ್ ದನಿ ತಗ್ಗಿಸಿದ.

"ಮಳೆ ಹಿಡೀತು ಅಂದ್ರೆ ಹಣ್ಣು ಕೊಳೆಯುತ್ತೆ ಕಣಮ್ಮ. ನಿನಗಿರೋದು ಅದೊಂದೇ ಇಳಿಜಾರು."

ಅವನು ಹೇಳಿದ್ದು ಸುಳ್ಳಲ್ಲ.

*

ಮದುವೆಯಾದ ಮೂರನೆಯ ವರ್ಷವೂ ಇಂಥದೇ ಮೋಡ ಕವಿದಿತ್ತು. ಹೆದರಿ, ಬೇಗ ಕೊಯ್ಯಬೇಕೆಂದು ಹಟ ಹಿಡಿದವಳು ಹೆಡ್ವಿಗ್. ಅಲೋಯ್ಸ್ ಎದುರಾಡದೆ ಕೊಯ್ದ. ಮಳೆ ಬರಲೇ ಇಲ್ಲ. ಆ ವರ್ಷದ ವೈನು ತೆಳ್ಳಗಾಗಿ, ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಯಿತು. ಅವನು ಅದನ್ನು ಯಾರಿಗೂ ಮಾರಲಿಲ್ಲ. ಆರು ವರ್ಷ ಊಟದ ಜೊತೆ ತಾನೇ ಕುಡಿದು ಮುಗಿಸಿದ. ಅವಳ ಲೋಟಕ್ಕೆ ಮಾತ್ರ ಬೇರೆ ಸೀಸೆಯಿಂದ ಒಳ್ಳೆಯದನ್ನು ಸುರಿಯುತ್ತಿದ್ದ. ಅದರ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವನಲ್ಲ.

*

ಎಲ್ಲರೂ ಇಳಿಜಾರು ಹತ್ತಿದರು. ಕಾಲ ಕೆಳಗೆ ಸ್ಲೇಟು ಕಲ್ಲುಗಳು ಸರಿದಾಡಿದವು. ರೈನ್‌ಹೋಲ್ಡ್ ಸಾಲಿಗೊಬ್ಬರಂತೆ ನಿಲ್ಲಿಸಿ ಬುಟ್ಟಿ ಕೊಟ್ಟ. ಹೆಡ್ವಿಗ್ ಶಿಲುಬೆಯ ಗುರುತು ಮಾಡಿಕೊಂಡು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ರಸ ಸಿಹಿಯಾಗಿತ್ತು. ಬೀಜವನ್ನು ಅಂಗೈಗೆ ಉಗಿದು ನೋಡಿದಳು. ಪೂರ್ತಿ ಮಾಗಿದ ಹಣ್ಣಿನ ಬೀಜದಂತೆ ಕಂದು ಬಣ್ಣಕ್ಕೆ ತಿರುಗಿರಲಿಲ್ಲ, ಇನ್ನೂ ಹಸಿರು.

"ಏನಂತೆ?" ಎಂದ ರೈನ್‌ಹೋಲ್ಡ್.

"ಆಗಿಲ್ಲ."

"ಅಯ್ಯೋ ದೇವರೇ! ಅವನ ಹಟ ನಿನಗೂ ಅಂಟಿಸಿ ಹೋದ್ನಾ?"

"ನಲವತ್ತೆರಡು ವರ್ಷ ಜೊತೆಗಿದ್ದೆ ಮಾರಾಯ. ಸೋಮವಾರ ಬನ್ನಿ."

"ಅಷ್ಟರಲ್ಲಿ ಎಲ್ಲಾ ಹೋದ್ರೆ?"

"ಹೋದ್ರೆ ದೇವರ ಚಿತ್ತ. ಹೆದ್ರಿಕೊಂಡು ಕೊಯ್ಸೋದು ಒಂದ್ಸಲಕ್ಕೇ ಸಾಕಾಯ್ತು."

ರೈನ್‌ಹೋಲ್ಡ್ ಅವಳ ಮುಖವನ್ನೇ ನೋಡಿದ. ಬಗ್ಗಿ ತನ್ನ ಬುಟ್ಟಿಯನ್ನು ಬೋರಲು ಹಾಕಿದ. ಪಕ್ಕದ ಸಾಲಿನಲ್ಲಿ ಲೀಸೆಲ್ ತನ್ನದನ್ನು ಬೋರಲು ಹಾಕಿದಳು. ಕೆಳಗಿನವರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಇಪ್ಪತ್ತು ಖಾಲಿ ಬುಟ್ಟಿಗಳ ತಳದ ಮೇಲೆ ಮೊದಲ ಹನಿಗಳು ಟಪ್ ಟಪ್ ಎಂದು ಬೀಳತೊಡಗಿದವು. ಕರಿ ಕೋಟಿನವರು ಯಾರೂ ಅವಳನ್ನು ಬಿಟ್ಟು ಇಳಿಜಾರು ಇಳಿಯಲಿಲ್ಲ.