ಕಳಸತೀನಿ ಅಂದ ಮ್ಯಾಲ

ಋತುಜಾಳನ್ನು ಸಂಘಕ್ಕೆ ಕರೆತಂದವಳು ಕಾಂಚನಳೇ. ಎರಡು ವರ್ಷದ ಹಿಂದೆ ಸದಸ್ಯತ್ವದ ಅರ್ಜಿಯನ್ನು ಕೈಯಾರೆ ತುಂಬಿ, "ಸಹಿ ಮಾಡವಾ, ಹೆದರಬ್ಯಾಡ" ಎಂದು ಪೆನ್ನು ಕೊಟ್ಟಿದ್ದಳು. ಈಗ ಆ ಪೆನ್ನು ನೆನಪಾದರೂ ಕಾಂಚನಳ ಎದೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಕಡೆಯ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಗ್ರಂಥಪಾಲಕರು ಸೇರಿ ಕಟ್ಟಿಕೊಂಡ ಸಂಘ ಅದು. ಮೂವತ್ತು ಮಂದಿ ಇದ್ದರೆ ಹೆಚ್ಚು. ಮಿರಜಿನ ಕಾಲೇಜೊಂದರ ಗ್ರಂಥಪಾಲಕಿ ಕಾಂಚನ ಅದರಲ್ಲಿ ಹದಿನೇಳು ವರ್ಷದಿಂದ ಇದ್ದಳು. ಸಭೆಗೆ ಕುರ್ಚಿ ಹೊಂದಿಸಿದವಳು ಅವಳು, ಅವಲಕ್ಕಿಯ ಪೋಹೆ ಹೇಳಿ ಮಾಡಿಸಿದವಳು ಅವಳು, ನಡಾವಳಿ ಬರೆದವಳು ಅವಳು. ಕಾರ್ಯದರ್ಶಿ ನೇಮಿನಾಥ ಕಾಕಾ ಈ ವರ್ಷ ಸ್ಥಾನ ಬಿಡುವವರಿದ್ದರು. ಆ ಕುರ್ಚಿ ತನ್ನದೆಂದು ಅವಳು ಯಾರಿಗೂ ಹೇಳಿರಲಿಲ್ಲ; ತನಗೆ ತಾನೇ ದಿನವೂ ಹೇಳಿಕೊಳ್ಳುತ್ತಿದ್ದಳು.

ಆದರೆ ಸಾಂಗ್ಲಿಯ ಆಸ್ಪತ್ರೆಯೊಂದರಲ್ಲಿದ್ದ ಋತುಜಾ, ಕಸಬೆ ಡಿಗ್ರಜದ ರೈತರ ಮನೆಯ ಮಗಳು, ಎರಡೇ ವರ್ಷದಲ್ಲಿ ಎಲ್ಲ ಗ್ರಂಥಾಲಯಗಳ ನಿಯತಕಾಲಿಕೆಗಳನ್ನೂ ಒಂದೇ ಪಟ್ಟಿಗೆ ತಂದುಬಿಟ್ಟಳು. ಯಾರ ಕಪಾಟಿನಲ್ಲಿ ಏನಿದೆ ಎಂಬುದು ಮೊಬೈಲಿನಲ್ಲೇ ಕಾಣತೊಡಗಿತು. "ಋತುಜಾ ಅಂದ್ರ ಋತುಜಾ" ಎಂದು ಸಭೆಯಲ್ಲಿ ಹೊಗಳಿದಾಗ ಕಾಂಚನಳೂ ಚಪ್ಪಾಳೆ ತಟ್ಟಿದ್ದಳು. ಅಂಗೈಗೆ ಅಂಗೈ ತಾಗಿರಲಿಲ್ಲ.

ಸಂಘಕ್ಕೊಂದು ರೂಢಿಯಿತ್ತು. ಡಾಕ್ಟರು ಕೇಳಿದ ಲೇಖನ ತಮ್ಮಲ್ಲಿಲ್ಲದಿದ್ದರೆ ಫೋನಿನ ಗ್ರೂಪಿನಲ್ಲಿ ಕೇಳುವುದು; ಪಟ್ಟಿಯಲ್ಲಿದ್ದದ್ದೆಲ್ಲ ಕಪಾಟಿನಲ್ಲಿ ಇರುತ್ತಿರಲಿಲ್ಲ. ಇದ್ದವರು 'ಕಳಸತೀನಿ' ಎಂದು ಬರೆಯುವುದು. ಒಬ್ಬರು ಹಾಗೆ ಬರೆದರೆಂದರೆ ಉಳಿದವರು ಹುಡುಕುವುದನ್ನು ಬಿಟ್ಟು ತಂತಮ್ಮ ಕೆಲಸಕ್ಕೆ ಹೋಗುವರು. ಅದಕ್ಕೇ ಸಂಪುಟ ಕೈಗೆ ಸಿಗದ ಹೊರತು ಆ ಮಾತು ಬರೆಯಬಾರದು. ತನ್ನನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಋತುಜಾಳಿಗೆ ಇದನ್ನು ಕಲಿಸಿದವಳೂ ಕಾಂಚನಳೇ.

ಗುರುವಾರ ಹನ್ನೊಂದು ಗಂಟೆಗೆ ಋತುಜಾಳ ಸಂದೇಶ ಬಂತು. ಮ್ಹೈಸಾಳದ ರೈತನೊಬ್ಬ ಕಬ್ಬಿಗೆ ಔಷಧ ಹೊಡೆಯುವಾಗ ವಿಷವೇರಿ ದಾಖಲಾಗಿದ್ದ. ಜೀವ ಉಳಿದಿತ್ತು, ಕಾಲು ಸೋಲುತ್ತಿದ್ದವು. ಅವನ ಡಾಕ್ಟರಿಗೆ ೧೯೮೪ರ ಒಂದು ಲೇಖನ ಬೇಕಾಗಿತ್ತು. ಆ ವರ್ಷದ ಸಂಪುಟ ಕೆಂಪು ಬೆನ್ನು ತೋರಿಸುತ್ತ ತನ್ನ ಕಪಾಟಿನಲ್ಲಿ ನಿಂತಿರುವುದು ಕಾಂಚನಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಕೂತಲ್ಲಿಂದಲೇ 'ಕಳಸತೀನಿ' ಎಂದು ಬರೆದಳು. ಬರೆದು, ಫೋನನ್ನು ಬೋರಲು ಹಾಕಿದಳು.

ತಡಿ, ಒಂದು ಸಲ ಅವಳೇ ಫೋನ್ ಮಾಡಲಿ. 'ಮಾವಶಿ, ನೀವಿಲ್ಲದ ಆಗಂಗಿಲ್ಲ' ಅನ್ನಲಿ. ಅಂದ ಮರುಗಳಿಗೆ ಕಳಿಸಿದರಾಯಿತು.

ಹನ್ನೆರಡಾಯಿತು, ಒಂದಾಯಿತು. ಫೋನ್ ಬರಲಿಲ್ಲ. ಡಬ್ಬಿ ಬಿಚ್ಚಿ ಭಾಕ್ರಿ ಮುರಿದಳು. ಪ್ರತಿ ಸೋಮವಾರ ಸಂಜೆ ಮಠದಲ್ಲಿ ಕಂಬಕ್ಕೊರಗಿ ಪುರಾಣ ಕೇಳುವವಳು ಅವಳು. ಸವತಿಯ ಏಳಿಗೆ ಕಂಡು ಕುದಿಯುವ ರಾಣಿಯ ಪದ ಬಂದರೆ, "ಎಂಥಾ ಹೆಂಗಸವಾ ಇಕಿ" ಎಂದು ಪಕ್ಕದವರಿಗೆ ಹೇಳಿ ಲೊಚಗುಟ್ಟುತ್ತಿದ್ದಳು. ಈಗ ಆ ಪದದ ಧಾಟಿಯೇ ಕಿವಿಯಲ್ಲಿ ಸುಳಿಯಿತು. ಮುರಿದ ಭಾಕ್ರಿಯನ್ನು ಡಬ್ಬಿಗೇ ಹಾಕಿ ಮುಚ್ಚಿದಳು.

ಮೂರಕ್ಕೆ ತಡೆಯಲಾರದೆ ಎದ್ದಳು. ಕಪಾಟಿನಲ್ಲಿ ೧೯೮೩ ಇತ್ತು, ೧೯೮೫ ಇತ್ತು. ನಡುವೆ ನಾಲ್ಕು ಬೆರಳಿನಷ್ಟು ಕತ್ತಲೆ.

"ರಾವಸಾಬ, ಎಂಬತ್ನಾಕರದು ಎಲ್ಲಿ ಹೋತ್ರಿ?"

ನಿವೃತ್ತಿಗೆ ಆರು ತಿಂಗಳಿದ್ದ ಸಿಪಾಯಿ ರಾವಸಾಬ ಸ್ಟೂಲಿನಿಂದ ಏಳದೆಯೇ ಹೇಳಿದ: "ಬೈಂಡರ್ ಕಡೆ ಐತ್ರಿ ಬಾಯಿ. ಬೆನ್ನು ಹರದಿತ್ತಲ್ಲ. ಹೋದ ವಾರ ನೀವ ಚೀಟಿ ಬರದು ಕೊಟ್ರಿ. 'ಜತನ ರಾವಸಾಬ, ಜತನ' ಅಂತ ನಾಕ ಸಲ ಹೇಳಿದ್ರಿ. ನನಗೇನು ಕಿವಿ ಇಲ್ಲೇನ್ರಿ?"

"ಈಗ ಹೋಗಿ ತರ್ರಿ."

"ಎಲ್ಲಿಂದ ತರಲಿ? ಅಂವ ಮಗಳ ಲಗ್ನಕ್ಕ ಊರಿಗೆ ಹೋಗ್ಯಾನ. ಸೋಮವಾರ ಬರ್ತಾನ."

ಕಾಂಚನ ಕಪಾಟು ಹಿಡಿದು ನಿಂತಳು. ತನ್ನ ಒಂದು ಮಾತಿಗೆ ಮೂರು ಜಿಲ್ಲೆಯವರು ಹುಡುಕುವುದನ್ನು ನಿಲ್ಲಿಸಿದ್ದರು. ಅಲ್ಲಿ ಆ ಮನುಷ್ಯನ ಕಾಲು. ಫೋನ್ ಹಚ್ಚಿದಳು.

"ಋತುಜಾ, ಆ ಸಂಪುಟ ಬೈಂಡಿಂಗಿಗೆ ಹೋಗೇತಿ. ನಾ ನೋಡಲಾರದ..."

"ಇರ್ಲಿ ಬಿಡ್ರಿ ಮಾವಶಿ, ಸಿಕ್ಕತು. ಒಂದರತನಾ ಹಾದಿ ನೋಡಿದೆ. ಆಮ್ಯಾಲ ಬೆಳಗಾವಿ ಕಾಲೇಜಿನ ಬಾಯಿ ಒಬ್ಬರಿಗೇ ಕೇಳಿದೆ, ಅವರ ಕಡೆ ಇತ್ತು. ಡಾಕ್ಟರ ಕೈಗೂ ಹೋತು."

"ನನಗ ಯಾಕ ಫೋನ್ ಮಾಡಲಿಲ್ಲ?"

"ಕಳಸತೀನಿ ಅಂದವರಿಗೆ ಅವಸರ ಮಾಡಬಾರದು ಅಂತ ನೀವ ಹೇಳಿದ್ರಲ್ರಿ. ಗ್ರೂಪಿನ್ಯಾಗೂ ಹಾಕಲಿಲ್ಲ. ನೀವು ಅಂದ ಮ್ಯಾಲ ಮತ್ತೊಬ್ಬರನ್ನ ಎಲ್ಲಾರ ಮುಂದ ಕೇಳಿದ್ರ ಚಂದ ಕಾಣತೈತೇನ್ರಿ?"

ರೋಗಿಗೆ ತಡವಾಗಲಿಲ್ಲವೆಂದು ಕಾಂಚನ ಶಿವನಿಗೆ ಕೈ ಮುಗಿದಳು. ಮುಗಿದ ಕೈ ಬಿಡಿಸುವಷ್ಟರಲ್ಲಿ ಹೊಟ್ಟೆಯ ಕಿಚ್ಚು ಮೊದಲಿಗಿಂತ ಮೇಲೆದ್ದಿತ್ತು. ಬೈದಿದ್ದರೆ ತಣ್ಣಗಾಗುತ್ತಿತ್ತು. ಬೈಯಲೂ ಇಲ್ಲವಲ್ಲ ಇಕಿ! ಸಂಜೆ ಋತುಜಾ ಗ್ರೂಪಿನಲ್ಲಿ ಬರೆದದ್ದು ಇಷ್ಟೇ: 'ಲೇಖನ ಸಿಕ್ಕಿತು. ಧನ್ಯವಾದ.' ಯಾರಿಂದ ಎಂದು ಬರೆದಿರಲಿಲ್ಲ.

ರವಿವಾರ ಸಭೆ ಕಾಂಚನಳ ಗ್ರಂಥಾಲಯದಲ್ಲೇ ಸೇರಿತು. ಬೆಳಗಾವಿ ಬಾಯಿ ಜ್ವರವೆಂದು ಬಂದಿರಲಿಲ್ಲ. ನೇಮಿನಾಥ ಕಾಕಾ ಮರಾಠಿಯಲ್ಲಿ ಶುರುಮಾಡಿ, ಹುರುಪು ಬಂದೊಡನೆ ಎಂದಿನಂತೆ ಕನ್ನಡಕ್ಕೆ ಹೊರಳಿದರು.

"ಮೊನ್ನೆ ನೋಡಿದ್ರೆಲಾ, ನಲವತ್ತು ವರ್ಷದ ಹಳೇ ಲೇಖನ! ಋತುಜಾ ಕೇಳಿದ್ಲು, ಕಾಂಚನಬಾಯಿ ಕಳಸತೀನಿ ಅಂದ್ರು, ಸಂಜಿಕ್ಕ ಧನ್ಯವಾದ ಬಂತು. ಸಂಘ ಅಂದ್ರ ಇದ ನೋಡ್ರಿ. ನನ್ನ ಕುರ್ಚಿಗೆ ಕಾಂಚನಬಾಯಿ ಬಿಟ್ಟು ಬ್ಯಾರೆ ಯಾರು ಬೇಕು?"

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂಚನ ಋತುಜಾಳ ಕಡೆ ನೋಡಿದಳು. ಪೋಹೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳೂ ತಟ್ಟುತ್ತಿದ್ದಳು, ಅಂಗೈಗೆ ಅಂಗೈ ತಾಗುವಂತೆ. ಬಾಯಿ ಬಿಡಲಿಲ್ಲ. ಬಿಡುವುದೂ ಇಲ್ಲವೆಂದು ಆ ಮುಖವೇ ಹೇಳುತ್ತಿತ್ತು.

ಹದಿನೇಳು ವರ್ಷ ಕಾದ ಕುರ್ಚಿ ಮೊಳದಷ್ಟು ದೂರದಲ್ಲಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಆದರೆ ಅದರಲ್ಲಿ ಕೂತಾಗಲೆಲ್ಲ ಇದು ಋತುಜಾ ನೀಡಿದ ಭಿಕ್ಷೆಯೆಂದು ನೆನಪಾಗುವುದು. ಅವಳು ಎಂದೂ ಎತ್ತಿ ಆಡುವುದಿಲ್ಲ. ಆಡದೆ ಇರುವುದನ್ನೇ ತಾನು ದಿನಾ ನೋಡಬೇಕು.

"ತಡೀರಿ ಕಾಕಾ," ಎಂದು ಎದ್ದಳು. "ಲೇಖನ ನಾ ಕಳಿಸಿಲ್ಲ. ಸಂಪುಟ ನೋಡಲಾರದ ಕಳಸತೀನಿ ಅಂದೆ. ಅಂದು, ಬೇಕಂತ ನಾಕ ತಾಸು ಸುಮ್ಮನ ಕೂತೆ. ಇಕಿ ನನಗ ಕೈ ಮುಗದು ಕೇಳಲಿ ಅಂತ. ಬೆಳಗಾವಿಯಿಂದ ತರಿಸಿದಾಕಿ ಇಕಿ."

ಕೊಲ್ಹಾಪುರದವರೊಬ್ಬರು ಬಾಯಿಗೆ ಒಯ್ದ ಚಮಚವನ್ನು ಹಾಗೇ ಕೆಳಗಿಟ್ಟರು. ಋತುಜಾ ಕಾಂಚನಳ ಸೆರಗು ಜಗ್ಗಿ ಪಿಸುಗುಟ್ಟಿದಳು: "ಯಾಕ ಹೇಳಿದ್ರಿ ಮಾವಶಿ? ನಾ ಏನಾದ್ರೂ ಅಂದೆನೇನ್ರಿ?"

"ಅನ್ನಲಿಲ್ಲ. ಅದಕ್ಕ ಹೇಳಿದೆ."

"ಖರೇ ಮಾತಾಡಿದ್ರಿ ಬಾಯಿ, ಸಣ್ಣ ಮಾತಲ್ಲ," ಎಂದರು ನೇಮಿನಾಥ ಕಾಕಾ. ಆದರೆ ಅವರ ಕಣ್ಣು, ಎಲ್ಲರ ಕಣ್ಣು, ಋತುಜಾಳ ಮೇಲಿದ್ದವು. ಹತ್ತು ನಿಮಿಷದಲ್ಲಿ ಅವಳೇ ಕಾರ್ಯದರ್ಶಿ ಎಂದಾಯಿತು. ನಡಾವಳಿ ಬರೆಯುವವರು ಬೇರೆ ಯಾರಿದ್ದರು? ಅಂದು ಅರ್ಜಿಯಲ್ಲಿ ಬರೆದ ಹೆಸರನ್ನು ಕಾಂಚನ ಇಂದು ನಡಾವಳಿಯಲ್ಲಿ ಬರೆದಳು. ಒತ್ತಿದ ಒತ್ತಿಗೆ ಅಕ್ಷರ ಕೆಳಗಿನ ಹಾಳೆಯಲ್ಲೂ ಮೂಡಿತು.

ಸೋಮವಾರ ಮಧ್ಯಾಹ್ನ ರಾವಸಾಬ ಸಂಪುಟ ತಂದಿಟ್ಟ. ಹೊಸ ಬೆನ್ನಿಗೆ ಇನ್ನೂ ಅಂಟಿನ ವಾಸನೆಯಿತ್ತು. ಇನ್ನು ಅದು ಯಾರಿಗೂ ಬೇಕಿರಲಿಲ್ಲ. ಆದರೂ ಕಾಂಚನ ಒಂದೊಂದೇ ಪುಟವನ್ನು ಅಂಗೈಯಿಂದ ನೀವಿ, ಗಾಜಿಗೆ ಒತ್ತಿ ಸ್ಕ್ಯಾನ್ ಮಾಡಿದಳು. ಕೋಷ್ಟಕವಿದ್ದ ಪುಟವನ್ನು ಎರಡು ಸಲ. ಒಂದು ಮಾತೂ ಬರೆಯದೆ ಋತುಜಾಳಿಗೆ ಕಳಿಸಿದಳು.

ಸಂಜೆ ಮಠದಲ್ಲಿ ಕಂಬಕ್ಕೊರಗಿ ಕೂತಾಗ ಉತ್ತರ ಬಂತು: 'ಮಾವಶಿ, ಬೆಳಗಾವಿ ಪ್ರತಿಯೊಳಗ ಕೋಷ್ಟಕ ಅರ್ಧ ಮಸಕಾಗಿತ್ರಿ. ನಿಮ್ಮದ್ರಾಗ ಅಕ್ಷರಕ್ಕ ಅಕ್ಷರ ಕಾಣತೈತಿ. ಡಾಕ್ಟರಿಗೆ ಇದನ್ನ ಕೊಟ್ಟೆ.'

ಪುರಾಣಿಕರು ರಾಣಿಯ ಪದವನ್ನೇ ಎತ್ತಿಕೊಂಡಿದ್ದರು. "ಎಂಥಾ ಹೆಂಗಸವಾ ಇಕಿ," ಎಂದು ಪಕ್ಕದ ಮುದುಕಿ ಕಾಡವ್ವ ಲೊಚಗುಟ್ಟಿದಳು. ಕಾಂಚನ ಸೆರಗಿನ ಮರೆಯಲ್ಲಿ ಫೋನ್ ಹಿಡಿದು, ಬೆಳಗಾವಿ ಪ್ರತಿ ಮಸಕಾಗಿತ್ತು ಎಂಬ ಸಾಲನ್ನು ಮೂರನೆಯ ಸಲ ಓದುತ್ತಿದ್ದಳು.