ಹೊಸ್ತಿಲ ಬಳಿಯ ಚಪ್ಪಲಿ

ಮನಸ್ಸಿನೊಳಗಿರುವುದನ್ನು ಫೋಟೊ ತೆಗೆದುಕೊಂಡು ಬನ್ನಿ ಎಂದರೆ ಯಾದಗಿರಿಯ ಒಂದು ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಮೊದಲ ವಾರ ಏನು ತಂದರು? ಹತ್ತಿಕುಣಿ ಕೆರೆಯಲ್ಲಿ ಮುಳುಗುವ ಸೂರ್ಯನನ್ನು ತಂದರು. ಒಬ್ಬಿಬ್ಬರಲ್ಲ, ಅರ್ಧ ತರಗತಿ. ಹತ್ತಿಕುಣಿಯಲ್ಲೇ ಹುಟ್ಟಿ ಬೆಳೆದ ಚಿತ್ರಕಲಾ ಶಿಕ್ಷಕಿ ಸವಿತಾ ತಲೆಯ ಮೇಲೆ ಕೈ ಹೊತ್ತು ಕೂತಳು.

"ಸೂರ್ಯ ದಿನಾ ಮುಳಗ್ತಾನ, ಅವನ್ನ ಬಿಡ್ರಿ. ನಿಮ್ಮ ಒಳಗ ಏನದ ಅದನ್ನ ತೋರಸ್ರಿ. ಅಂಜಿಕಿ, ಇಲ್ಲಾ ನಿರಾಳ. ಎರಡರಾಗ ಒಂದು. ಫೋಟೊದಾಗ ಯಾರ ಮಾರೀನೂ ಬರಬಾರ್ದು. ಯಾವ್ದು ಅಂತ ಬರದೂ ಕಳಸಬ್ಯಾಡ್ರಿ, ಚಿತ್ರಾನ ಮಾತಾಡಬೇಕು."

ಆಗ ದಾರಿಗೆ ಬಂದರು. ದೇವಿಂದ್ರ ಎಂಬ ಕಿಲಾಡಿ ಗಣಿತ ಮಾಸ್ತರರ ಖಾಲಿ ಕುರ್ಚಿಯ ಫೋಟೊ ಕಳಿಸಿದ. ಅದು ಅಂಜಿಕೆಯೋ ನಿರಾಳವೋ ಎಂದು ತರಗತಿಯಲ್ಲಿ ಜಗಳವೇ ಆಗಿ, ಕುರ್ಚಿ ಖಾಲಿ ಇದೆಯಲ್ಲ, ನಿರಾಳವೇ ಎಂದು ತೀರ್ಮಾನವಾಗಿ, ಚಿತ್ರದ ಕೆಳಗೆ ಹಾಗೆಂದೇ ಚೀಟಿ ಬಿತ್ತು. ಸುರಪುರದಿಂದ ವರ್ಗವಾಗಿ ಬಂದಿದ್ದ ಮುಖ್ಯೋಪಾಧ್ಯಾಯ ಚಂದ್ರಾಮಪ್ಪ ಮಾತ್ರ ನಗಲಿಲ್ಲ. "ಮೇಡಂ, ಪಾಲಕರು ಒಬ್ಬರು ತಕರಾರು ತಂದ್ರೂ ಈ ಫೋಟೊ ಕ್ಲಾಸ್ ಬಂದ್ ನೋಡ್ರಿ," ಎಂದು ಹೇಳಿಯೇ, ಪಾಲಕರನ್ನು ಕರೆದು ಈ ಚಿತ್ರಗಳ ಪ್ರದರ್ಶನ ಇಡಲು ಒಪ್ಪಿದ.

ನುಜ್ಹತಳ ಚಿತ್ರ ಎಲ್ಲರಿಗಿಂತ ಕೊನೆಗೆ, ಪ್ರದರ್ಶನದ ಹಿಂದಿನ ದಿನ ಬಂತು. ಅವರ ಮನೆಗೆಲ್ಲ ಒಂದೇ ಫೋನು. ಅದು ಅಪ್ಪ ಅಬ್ದುಲ್ ಕರೀಮನ ಜೊತೆ ಕಡೇಚೂರಿನ ಕಾರ್ಖಾನೆಗೆ ಹೋಗಿಬಿಡುತ್ತಿತ್ತು. ಚಿತ್ರದಲ್ಲಿ ಇದ್ದದ್ದು ಹೊಸ್ತಿಲ ಬಳಿ ಬಿಟ್ಟ ಗಂಡಸಿನ ಚಪ್ಪಲಿ. ಧೂಳು ಮೆತ್ತಿತ್ತು. ಒಂದರ ಪಟ್ಟಿಗೆ ಹಸಿರು ದಾರದ ಹೊಲಿಗೆ ಇತ್ತು. ತರಗತಿಗೆ ತೋರಿಸಿ ಕೇಳಲು ಹೊತ್ತಿರಲಿಲ್ಲ. ಕೇಳುವುದಾದರೂ ಏನಿದೆ? ನೋಡಿದ ಕೂಡಲೇ ಸವಿತಾಳಿಗೆ ಹತ್ತಿಕುಣಿಯ ಮನೆಯ ಹೊಸ್ತಿಲು ನೆನಪಾಯಿತು. ಅವಳು ಚಿಕ್ಕವಳಿದ್ದಾಗ ಬಾಗಿಲಲ್ಲಿ ಅಪ್ಪನ ಚಪ್ಪಲಿ ಕಂಡರೆ ಅವ್ವನ ಮಾತು ನಿಲ್ಲುತ್ತಿತ್ತು, ಮಕ್ಕಳು ಹಿತ್ತಲಿಗೆ ಜಾರುತ್ತಿದ್ದರು. ಪಾಪ ಹುಡುಗಿ ಎಂದುಕೊಂಡು, ಚೀಟಿಯ ಮೇಲೆ 'ಅಂಜಿಕೆ' ಎಂದು ಬರೆದು ಚಿತ್ರದ ಕೆಳಗೆ ಅಂಟಿಸಿದಳು.

ಮರುದಿನ ಪ್ರದರ್ಶನಕ್ಕೆ ನುಜ್ಹತ ಅಪ್ಪನನ್ನೇ ಕರೆದುಕೊಂಡು ಬಂದಳು. ರಾತ್ರಿ ಡ್ಯೂಟಿ ಮುಗಿಸಿ ಬಂದವನ ಕಣ್ಣುಗಳು ಕೆಂಪಾಗಿದ್ದವು. ಒಳಗೆ ಜಮಖಾನೆ ಹಾಸಿದ್ದರಿಂದ ಎಲ್ಲರ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬಂದ. ಮಗಳ ಚಿತ್ರದ ಎದುರು ನಿಂತು ಚೀಟಿಯ ಅಕ್ಷರ ಕೂಡಿಸಿ ಓದಿದ. ಮತ್ತೊಮ್ಮೆ ಓದಿದ.

ಸವಿತಾ ಅವರತ್ತ ಸರಸರ ನಡೆದಳು. ಮನೆಯೊಳಗಿನ ಗುಟ್ಟನ್ನು ಊರ ಮುಂದೆ ಗೋಡೆಗೆ ಹೊಡೆದೆನಲ್ಲ! ಕ್ಲಾಸು ಹೋದರೆ ಹಾಳಾಗಿ ಹೋಗಲಿ, ಇವತ್ತು ಮನೆಗೆ ಹೋದ ಮೇಲೆ ಈ ಹುಡುಗಿಯ ಗತಿ ಏನು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾಗಿಲಲ್ಲಿದ್ದ ಚಂದ್ರಾಮಪ್ಪ ಆಗಲೇ ಇತ್ತ ಹೊರಟಿದ್ದ.

"ಬೇಟಾ," ಅಬ್ದುಲ್ ಕರೀಮನ ದನಿ ಏರಲಿಲ್ಲ, ಇಳಿಯಿತು. "ನನ್ನ ಚಪ್ಪಲ್ ಕಂಡ್ರ ನಿನಗ ಅಂಜಿಕಿ ಏನು?"

ನುಜ್ಹತ ಚೀಟಿ ನೋಡಿದ್ದೇ ಆಗ. "ಯಾರ್ ಬರದಾರ ಇದನ್ನ? ಅಂಜಿಕಿ ಅಲ್ಲ ಅಬ್ಬಾ! ನೀವು ರಾತ್ರಿ ಡ್ಯೂಟಿಗಿ ಹೋದ್ರ ಅಮ್ಮೀಗೂ ನಿದ್ದಿ ಇರಂಗಿಲ್ಲ, ನನಗೂ ಇರಂಗಿಲ್ಲ. ಕಡೇಚೂರ ರಸ್ತಾದಾಗ ಬರೇ ಟಿಪ್ಪರ್, ನೀವು ಬೈಕ್ ಮ್ಯಾಲೆ. ಮುಂಜಾನಿ ಎದ್ದು ಮದ್ಲ ಹೊಸ್ತಿಲ ನೋಡ್ತೀನಿ. ನಿಮ್ಮ ಚಪ್ಪಲ್ ಇದ್ರ ಹೋದ ಜೀವ ಬಂದಂಗ ಆಗ್ತದ."

ಅಬ್ದುಲ್ ಕರೀಮ ಮಗಳ ತಲೆಯ ಮೇಲೆ ಕೈ ಇಟ್ಟು, ಮತ್ತೆ ಚಿತ್ರ ನೋಡಿದ.

"ನಾನ ಬರದೀನ್ರಿ ಅದನ್ನ," ಎಂದಳು ಸವಿತಾ. "ಆಕಿದೇನೂ ತಪ್ಪಿಲ್ಲ. ನಮ್ಮ ಅಪ್ಪನ ಚಪ್ಪಲಿ ನೆನಪಾಗಿ ಹಂಗ ಬರದುಬಿಟ್ಟೆ."

ಅವನು ಅವಳ ಮುಖ ನೋಡಿದ. ತಿಳಿದಿರಬೇಕು, ಹೆಚ್ಚು ಕೇಳಲಿಲ್ಲ. "ಇರ್ಲಿ ಬಿಡ್ರಿ ಮೇಡಂ. ಆದ್ರ ನಂದೊಂದು ತಕರಾರದ. ಈದ್ ಹಬ್ಬಕ್ಕ ತಂದ ನನ್ನ ಹೊಸಾ ಚಪ್ಪಲ್ ಮನ್ಯಾಗ ಇದ್ವು. ಈ ಹರಕ ಚಪ್ಪಲ್ ಯಾಕ ತಗದಾಳ ಕೇಳ್ರಿ!"

ಮೊದಲು ನಕ್ಕವನು ಚಂದ್ರಾಮಪ್ಪ. "ಇಂಥಾ ತಕರಾರು ಲೆಕ್ಕಕ್ಕಿಲ್ಲ ಬಿಡ್ರಿ," ಎಂದ. ಸವಿತಾಳ ಎದೆಯ ಮೇಲಿನ ಕಲ್ಲು ಉರುಳಿತು. ನುಜ್ಹತ ಹಳೆಯ ಚೀಟಿ ಕಿತ್ತು, ಹೊಸದರ ಮೇಲೆ 'ನಿರಾಳ' ಎಂದು ಬರೆದು ಅಂಟಿಸಿದಳು.

ಗಾಳಿಗೆಂದು ಸವಿತಾ ಹೊರಗೆ ಬಂದಳು. ಬಾಗಿಲಲ್ಲಿ ರಾಶಿ ಚಪ್ಪಲಿಗಳ ನಡುವೆ ಹಸಿರು ದಾರದ ಹೊಲಿಗೆ ಕಂಡಿತು. ಅಲ್ಲೇ ನಿಂತಳು. ಚಿಕ್ಕಂದಿನ ಹಾಗೆ ಕಾಲು ಹಿತ್ತಲಿನತ್ತ ಎಳೆಯುತ್ತದೆಂದು ಕಾದಳು. ಎಳೆಯಲಿಲ್ಲ. ನುಜ್ಹತಳ ಅಪ್ಪ ಒಳಗಿದ್ದಾನೆ, ಅಷ್ಟೇ.