ಕಿವಿ ಹರಿದ ಕತ್ತೆ

ಕತ್ತೆ ಬಟ್ಟೆಯದು, ಒಂದು ಕಿವಿ ಹರಿದು ಜೋತಾಡುತ್ತದೆ. ನಮ್ಮ ಬಾಹ್ಯಾಕಾಶ ದೂರದರ್ಶಕದ ತಂಡದಲ್ಲಿ ಸುಳ್ಳು ಸುದ್ದಿ ಹಬ್ಬಿಸಿದವರ ಪಕ್ಕದಲ್ಲಿ ಅದು ಕೂರಬೇಕು, ಮುಂದಿನ ಪುಣ್ಯಾತ್ಮ ಸಿಗುವ ತನಕ. ಸದ್ಯಕ್ಕೆ ಆ ಪುಣ್ಯಾತ್ಮಳು ನಾನು. ಹೋದ ಸಲ ದೂರದರ್ಶಕ ದಿಕ್ಕು ತಪ್ಪಿ, ಮೊದಲಿಂದಲೂ ಉರಿಯುತ್ತಿದ್ದ ಹಳೇ ನಕ್ಷತ್ರವೊಂದನ್ನು ಬೇರೆ ಜಾಗದಲ್ಲಿ ತೋರಿಸಿತ್ತು. ಅದನ್ನು ಹೊಸ ಗಾಮಾ ಸ್ಫೋಟ, ಯಾವುದೋ ನಕ್ಷತ್ರದ ಸಾವಿನ ಮಿಂಚು ಎಂದು ನಾನು ಊರಿಗೆಲ್ಲ ಡಂಗುರ ಸಾರಿದ್ದೆ.

ಇನ್ನೊಮ್ಮೆ ಹೀಗಾದರೆ ಪಾಳಿಯಿಂದ ತೆಗೆಯುತ್ತೇನೆಂದು ಮುಖ್ಯಸ್ಥರು ಹೇಳಿದ್ದಾರೆ. ಬೆನ್ನ ಹಿಂದೆ ನಾವು ಅವರನ್ನು ನಿಧಾನಪ್ಪ ಅನ್ನುತ್ತೇವೆ. ಪಾಳಿ ಹೋದರೆ ಆಕಾಶದ ಕತೆಯನ್ನು ಎಲ್ಲರಿಗಿಂತ ಮೊದಲು ಕೇಳುವ ಸುಖ ಹೋಯಿತು. ಅಜ್ಜಿಯ ಮಡಿಲಲ್ಲಿ 'ಆಮೇಲೆ? ಆಮೇಲೆ?' ಎನ್ನುತ್ತಲೇ ಬೆಳೆದವಳಿಗೆ ಬೇರೆ ಸುಖ ರುಚಿಸುವುದಿಲ್ಲ.

ಆ ಮಧ್ಯಾಹ್ನ ಅಡುಗೆಮನೆಯಲ್ಲೇ ಪಾಳಿ. ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕತ್ತೆ. ಬಟಾಣಿ ಸುಲಿಯುತ್ತಾ ಅಜ್ಜಿ ತನ್ನ ಕತೆಯ ರಾಜಕುಮಾರಿಯನ್ನು ಇನ್ನೇನು ಸಮುದ್ರ ದಾಟಿಸಬೇಕು, ನನ್ನ ಫೋನು ಅರಚಿಕೊಂಡಿತು.

"ಯಾರೇ ಹೋದ್ರು?"

"ಒಂದು ನಕ್ಷತ್ರ ಅಜ್ಜಿ. ಇರಬಹುದು."

"ಯಾವಾಗ?"

"ಸಾವಿರ ಕೋಟಿ ವರ್ಷ ಆಗಿರುತ್ತೆ."

"ಮತ್ತೆ ಈಗ್ಯಾಕೆ ಓಡ್ತೀಯ? ಬಟಾಣಿ ಸುಲಿ."

ಗಾಮಾ ಕಿರಣ ಕನ್ನಡಿಗೆ ಬಗ್ಗುವ ಜಾತಿಯಲ್ಲ. ಅದಕ್ಕೇ ದೂರದರ್ಶಕದ ತಲೆಯ ಮೇಲೊಂದು ಸೀಸದ ಜಾಲರಿ. ಕಿಟಕಿ ಸರಳಿನ ನೆರಳು ಅಜ್ಜಿಯ ಮಡಿಲಲ್ಲಿ ಬಿದ್ದಿರುವುದನ್ನು ನೋಡಿ ಸೂರ್ಯ ಎಲ್ಲಿದ್ದಾನೆ ಅನ್ನುವ ಹಾಗೆ, ಜಾಲರಿಯ ನೆರಳಿನಿಂದ ಸ್ಫೋಟದ ದಿಕ್ಕು ಸಿಗುತ್ತದೆ. ಆಮೇಲೆ ದೂರದರ್ಶಕ ತಾನಾಗಿಯೇ ಆ ಕಡೆ ಕತ್ತು ತಿರುಗಿಸಿ, ಎಕ್ಸ್-ರೇ ಕಣ್ಣು ಬಿಟ್ಟು ನೋಡುತ್ತದೆ.

ನೋಡಿತು. ಚುಕ್ಕಿ ಇತ್ತು. ಆ ಜಾಗದಲ್ಲಿ ನಮಗೆ ಪರಿಚಯದ ನಕ್ಷತ್ರ ಯಾವುದೂ ಇಲ್ಲ. ಹೋದ ಸಲವೂ ಇರಲಿಲ್ಲ.

ನಿಧಾನಪ್ಪನವರ ಕರೆ ಬಂತು. "ಮತ್ತೆ ದಿಕ್ಕು ತಪ್ಪಿದೆ ಕಣಮ್ಮ, ಅದು ಹಳೇದೇ. ಸಂಜೆವರೆಗೆ ಕಾಯಿ. ಮಂಕಾದ್ರೆ ಸ್ಫೋಟ, ಹಾಗೇ ಇದ್ರೆ ನಕ್ಷತ್ರ."

"ಮಂಕಾದ ಮೇಲೆ ನಮ್ಮ ಸುದ್ದಿ ಕಾಯೋ ದೊಡ್ಡ ಟೆಲಿಸ್ಕೋಪಿನವರು ಬಂದು ಏನು ನೋಡ್ತಾರೆ ಸರ್, ಬೂದಿನಾ?"

"ಕತ್ತೆ ಚೆನ್ನಾಗಿದೆಯಾ?" ಎಂದು ಫೋನಿಟ್ಟರು.

ಹೋದ ಸಲ ನಾನು ಮದುಮಗಳನ್ನಷ್ಟೇ ನೋಡಿ ನೆಂಟರ ಕಡೆ ಕಣ್ಣೆತ್ತಿರಲಿಲ್ಲ. ಈ ಸಲ ಸುತ್ತಲಿನ ಬಡಪಾಯಿ ನಕ್ಷತ್ರಗಳನ್ನು ಒಂದೊಂದಾಗಿ ಹಿಡಿದು ಹಳೇ ನಕ್ಷೆಯ ಮೇಲಿಟ್ಟೆ. ಎಲ್ಲರೂ ಅವರವರ ಕುರ್ಚಿಯಲ್ಲೇ ಇದ್ದರು. ಹಾಗಾದರೆ ದಿಕ್ಕು ತಪ್ಪಿಲ್ಲ. ಹೊಸಬಳು ನಿಜಕ್ಕೂ ಹೊಸಬಳೇ. ಕತ್ತೆಯ ಮುಖ ಗೋಡೆಗೆ ತಿರುಗಿಸಿ, 'ಸ್ಫೋಟ ನಿಜ, ಇಲ್ಲಿ ನೋಡಿ' ಎಂದು ದೊಡ್ಡ ಟೆಲಿಸ್ಕೋಪಿನವರಿಗೆಲ್ಲ ಕಳಿಸಿಯೇಬಿಟ್ಟೆ.

ಹುಟ್ಟಿದಾರಭ್ಯ ಅವಸರ ಮಾಡದ ನಿಧಾನಪ್ಪ ಅವತ್ತು ಮಾಡಿದರು. ನನ್ನ ಸುದ್ದಿಯ ಹಿಂದೆಯೇ ಅವರದೂ ಹೊರಟಿತು: 'ಹಳೇ ನಕ್ಷತ್ರ. ಯಾರೂ ನೋಡಬೇಡಿ.'

ಇಬ್ಬರಲ್ಲಿ ಒಬ್ಬರಿಗೆ ಕತ್ತೆ ಖಾತ್ರಿ. ನಾನು ಉಗುರು ಕಚ್ಚುತ್ತಾ ಪರದೆಗೆ ಅಂಟಿಕೊಂಡೆ. ಅಜ್ಜಿ ಗೋಡೆ ಕಡೆಯಿಂದ ಕತ್ತೆಯನ್ನೆತ್ತಿಕೊಂಡು ಸೂಜಿ ದಾರ ತೆಗೆದಳು.

"ರಾಜಕುಮಾರಿ ನೀರಲ್ಲೇ ನಿಂತಿದ್ದಾಳೆ. ದಾಟಿಸಲೋ ಬೇಡವೋ?"

"ತಡಿ ಅಜ್ಜಿ."

ಬಟಾಣಿ ಬೇಯುವ ಹೊತ್ತಿಗೆ ಚುಕ್ಕಿ ಅರ್ಧಕ್ಕರ್ಧ ಮಂಕಾಗಿತ್ತು. ಒಂದು ನಕ್ಷತ್ರ ಸತ್ತಿದ್ದು ಖಚಿತವಾದದ್ದಕ್ಕೆ ನಾನು ಅಡುಗೆಮನೆ ತುಂಬ ಕುಣಿದೆ, ದೇವರು ಕ್ಷಮಿಸಲಿ. ನನ್ನ ಮಾತು ನಂಬಿದ ದೊಡ್ಡ ದೂರದರ್ಶಕವೊಂದು ಆಗಲೇ ಅದರತ್ತ ತಿರುಗಿತ್ತು.

ಮರುದಿನ ಕತ್ತೆಯನ್ನು ಕಂಕುಳಲ್ಲಿಟ್ಟುಕೊಂಡು ನಿಧಾನಪ್ಪನವರ ಕೋಣೆಗೆ ಹೋದೆ. ಮೇಜಿನ ಮೇಲೆ ಕೂರಿಸಿದಾಗ ಅವರು ಅದರ ಕಿವಿ ಮುಟ್ಟಿ ನೋಡಿದರು.

"ಕಿವಿ ಸರಿ ಮಾಡಿಸಿದ್ದೀಯಾ?"

"ಅಜ್ಜಿ ಹೊಲಿದಿದ್ದು ಸರ್. ದೊಡ್ಡವರ ಮನೆಗೆ ಹೋಗೋದು, ನೆಟ್ಟಗಿರಲಿ ಅಂದ್ರು."